ಮೆಮೋಗೆ ನಾನು ಬರೆದ ಉತ್ತರ

ಅಪ್ಪ ಅಹಮದಾಬಾದಿನ ಬ್ಯಾಂಕಿನಲ್ಲಿದ್ದಷ್ಟು ಕಾಲ ಭಾನುವಾರಗಳಂದು ನಮ್ಮ ಮಣಿನಗರದ ಮನೆಗೆ ಬರುತ್ತಿದ್ದ ಕನ್ನಡದವರಲ್ಲಿ ಅರ್ಧ ಜನ ಅಮ್ಮನ ಒಗ್ಗರಣೆ ಅವಲಕ್ಕಿಗೆ ಬರುತ್ತಿದ್ದರು, ಉಳಿದ ಅರ್ಧ ಜನ ಅಪ್ಪನ ಡ್ರಾಫ್ಟಿಗೆ. ವರ್ಗಾವಣೆ ಬೇಡುವ ಅರ್ಜಿ, ರಜೆ ಸಿಗದಿದ್ದಾಗ ಮೇಲಿನವರಿಗೆ ಮನವಿ, ಮೆಮೋಗೆ ಉತ್ತರ. ಅಪ್ಪನ ಇಂಗ್ಲಿಷ್ ಅಷ್ಟೇನೂ ದೊಡ್ಡದಲ್ಲ. ಆದರೆ ಯಾವ ಕಾಗದ ಯಾವ ಮುಖ ಹೊತ್ತುಕೊಂಡು ಹೋಗಬೇಕು ಎಂಬುದು ಅವರಿಗೆ ಗೊತ್ತಿತ್ತು. ಅರ್ಜಿಯಲ್ಲಿ ಮೊದಲು ಸೇವೆಯ ವರ್ಷಗಳು ಬರಬೇಕು, ಕಷ್ಟ ಕೊನೆಗೆ. ಮನವಿಯಲ್ಲಿ ಸಿಟ್ಟು ಇರಬೇಕು, ಕಾಣಬಾರದು. ಮೆಮೋಗಾದರೆ ಮೂರೇ ವಾಕ್ಯ: ನಿಮ್ಮ ಮೆಮೋ ತಲುಪಿದೆ, ಆದದ್ದಕ್ಕೆ ವಿಷಾದಿಸುತ್ತೇನೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.

ಒಮ್ಮೆ ರೈಲ್ವೆಯ ಒಬ್ಬರು, ಹಾವೇರಿ ಕಡೆಯವರು, ತಮ್ಮದೇನೂ ತಪ್ಪಿಲ್ಲ, ನಡೆದದ್ದನ್ನೆಲ್ಲ ಬರೆಯಲೇಬೇಕು ಎಂದು ಹಟ ಹಿಡಿದು ಕೂತರು. ಅಪ್ಪ ಪೂರ್ತಿ ಕೇಳಿದರು, ಎರಡನೇ ಸಲ ಚಹಾ ತರಿಸಿದರು, ಆಮೇಲೆ ಅದೇ ಮೂರು ವಾಕ್ಯ ಬರೆದುಕೊಟ್ಟರು. "ಮೆಮೋಕ್ಕ ಉತ್ತರ ಬರಿಯೂದು ಖರೇ ಹೇಳಲಿಕ್ಕಲ್ಲ, ಫೈಲ್ ಮುಚ್ಚಲಿಕ್ಕ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದೇ ಅವರ ಬರವಣಿಗೆಯ ಶಾಸ್ತ್ರ. ಆ ಫೈಲ್ ಮುಚ್ಚಿತು. ಹಾವೇರಿಯವರು ಪೇಡೆಯ ಡಬ್ಬಿ ತಂದುಕೊಟ್ಟು ಹೋದರು. ಎಂಟನೇ ಕ್ಲಾಸಿನಲ್ಲಿದ್ದ ನಾನು ಬರವಣಿಗೆ ಎಂದರೆ ಇದೇ ಎಂದುಕೊಂಡು ಪೇಡೆ ತಿಂದೆ.

ಕನ್ನಡದಲ್ಲಿ ನಾನು ಬರೆಯುತ್ತಿದ್ದದ್ದು ಗದಗಿನ ಅಜ್ಜಿಗೆ ವಾರಕ್ಕೊಂದು ಕಾಗದ ಮಾತ್ರ, ಅದೂ ಅಮ್ಮನ ಬಲವಂತಕ್ಕೆ. ಅದಕ್ಕೂ ಒಂದು ಕಟ್ಟು ಇತ್ತು. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದೇ ಶುರುವಾಗಬೇಕು. ಒಮ್ಮೆ ತಮ್ಮನಿಗೆ ಟೈಫಾಯ್ಡ್ ಆಗಿತ್ತು. ನಾವೆಲ್ಲ ಕ್ಷೇಮ ಎಂದು ಬರೆದು, ಮುಂದಿನ ಸಾಲಿನಲ್ಲೇ ತಮ್ಮನ ಜ್ವರ ನೂರಾಮೂರರಿಂದ ಇಳಿದಿಲ್ಲ ಎಂದು ಬರೆದೆ. ಅಮ್ಮ ಓದಿ ನೋಡಿ, ಸರಿಯಿದೆ ಎಂದು ಅಂಚೆಗೆ ಹಾಕಿದಳು. ಅಜ್ಜಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಕೆಮಿಸ್ಟ್ರಿ ಓದಿ ಮುಗಿಸಿದ ಮೇಲೆ ಮೊದಲ ನೌಕರಿ ಊರಂಚಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ. ಅಲ್ಲಿ ನಾನು ಬರೆದ ಮೊದಲ ವರದಿಯಲ್ಲಿ ‘ನಾನು ಎರಡು ಸಲ ಪರೀಕ್ಷಿಸಿದೆ, ಎರಡನೆಯದರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ’ ಎಂಬ ವಾಕ್ಯವಿತ್ತು. ಲ್ಯಾಬಿನ ಹಿರಿಯರು, ಬಾಯಲ್ಲಿ ಸದಾ ಸೋಂಪು ಇಟ್ಟುಕೊಂಡಿರುತ್ತಿದ್ದ ಗುಜರಾತಿ, ಅದರ ಮೇಲೆ ಕೆಂಪು ಗೆರೆ ಎಳೆದು ನಕ್ಕರು. ಗಿರಾಕಿ ಕೊಳ್ಳುವುದು ಬಣ್ಣವನ್ನು, ನಿನ್ನ ಅನುಮಾನವನ್ನಲ್ಲ ಎಂದರು. ಒಂದು ವರ್ಷದಲ್ಲಿ ನಾನು ಪಳಗಿದೆ. ನನ್ನ ವರದಿಗಳಲ್ಲಿ ಬಣ್ಣ ತೂಗಲ್ಪಡುತ್ತಿತ್ತು, ನೀರು ಕಾಯಿಸಲ್ಪಡುತ್ತಿತ್ತು, ಫಲಿತಾಂಶ ತೃಪ್ತಿಕರವೆಂದು ಕಂಡುಬರುತ್ತಿತ್ತು. ಇಷ್ಟೆಲ್ಲ ಆಗುವಾಗ ಲ್ಯಾಬಿನಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಅಪ್ಪನಿಗೆ ಒಂದು ವರದಿ ತೋರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಕೈ ಕೂತಿದೆ ಎಂದರು. ಹೆಮ್ಮೆಯಾಯಿತು.

ಆ ಕೂತ ಕೈ ಹಿಡಿದುಕೊಂಡೇ ವಡೋದರಾಕ್ಕೆ ಪಿಎಚ್‌ಡಿ ಮಾಡಲು ಹೋದೆ. ವಿಷಯ ಉಪ್ಪು. ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ನೀರಿಗೆ ರಾಶಿ ರಾಶಿ ಉಪ್ಪು ಹಾಕುತ್ತಾರೆ. ಬಣ್ಣ ಬಟ್ಟೆಗೆ ಸೇರುತ್ತದೆ, ಉಪ್ಪು ನೀರಿನ ಜತೆ ಚರಂಡಿ ಸೇರುತ್ತದೆ, ಆಮೇಲೆ ಆ ನೀರು ಯಾರಿಗೂ ಬೇಡ. ಬಣ್ಣ ಕೆಡದ ಹಾಗೆ ಉಪ್ಪು ಕಡಿಮೆ ಮಾಡುವುದು ಹೇಗೆ ಎಂಬುದೇ ನನ್ನ ಪ್ರಶ್ನೆ. ಲ್ಯಾಬಿನಲ್ಲಿ ಉಪ್ಪು ಕಡಿಮೆ ಮಾಡಿದಾಗಲೆಲ್ಲ ಬಟ್ಟೆ ತೊನ್ನು ಹತ್ತಿದಂತೆ ಅಲ್ಲಲ್ಲಿ ಬಿಳಚಿಕೊಂಡು ಹೊರಬರುತ್ತಿತ್ತು. ಎರಡು ವರ್ಷ ಹೀಗೇ ಕಳೆದವು. ಕೊನೆಗೆ ನನ್ನ ಗೈಡ್, ನಿಜವಾದ ಕಾರ್ಖಾನೆಯ ನೀರು ತಂದು ಪರೀಕ್ಷಿಸು ಎಂದು ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿದ್ದ, ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಘಟಕಕ್ಕೆ ಚೀಟಿ ಕೊಟ್ಟು ಕಳಿಸಿದರು. ಘಟಕದವರ ಷರತ್ತು ಎರಡು: ಪ್ರಬಂಧದಲ್ಲಿ ಘಟಕದ ಹೆಸರು ಬರಬಾರದು, ತಿಂಗಳಿಗೊಮ್ಮೆ ಅವರಿಗೆ ಒಂದು ಪುಟದ ವರದಿ ಕೊಡಬೇಕು.

ವಾರಕ್ಕೆರಡು ದಿನ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದೆ. ಒಳಗೆ ಹಬೆ, ಕಾವು, ಕಾಲಡಿ ಸದಾ ಬಣ್ಣದ ನೀರು. ಸಾಲಾಗಿ ಆರು ಜಿಗ್ಗರ್ ಯಂತ್ರಗಳು. ಬಟ್ಟೆ ಒಂದು ಉರುಳೆಯಿಂದ ಬಿಚ್ಚಿಕೊಂಡು, ಬಣ್ಣದ ತೊಟ್ಟಿಯಲ್ಲಿ ಮುಳುಗಿ, ಇನ್ನೊಂದು ಉರುಳೆಗೆ ಸುತ್ತಿಕೊಳ್ಳುತ್ತದೆ, ಮತ್ತೆ ವಾಪಸ್. ಪ್ರತಿ ಯಂತ್ರಕ್ಕೂ ಒಂದು ಬ್ಯಾಚ್ ಕಾರ್ಡ್. ಎಷ್ಟು ಹೊತ್ತಿಗೆ ಬಣ್ಣ, ಎಷ್ಟು ಹೊತ್ತಿಗೆ ಉಪ್ಪು ಎಂದು ಅದರಲ್ಲಿ ಅಚ್ಚಾಗಿರುತ್ತಿತ್ತು. ಯಂತ್ರ ನಡೆಸುವ ಬಣ್ಣಗಾರರಿಗೆ ಅಲ್ಲಿ ಮಾಸ್ತರರು ಎನ್ನುತ್ತಾರೆ; ಅವರು ಮಾಡಬೇಕಾದದ್ದು ಪಕ್ಕದ ಚೌಕದಲ್ಲಿ ಸರಿ ಗುರುತು ಹಾಕುವುದಷ್ಟೆ. ಆರೂ ಕಾರ್ಡುಗಳು ಅವಳಿಜವಳಿಗಳ ಹಾಗೆ ಒಂದೇ ರೀತಿ ಇದ್ದವು. ಆದರೆ ಮೂರನೇ ಯಂತ್ರದಿಂದ ಹೊರಗೆ ಬಿಟ್ಟ ನೀರಿನಲ್ಲಿ ಪ್ರತಿ ಸಲವೂ ಉಪ್ಪು ಕಡಿಮೆ ಬರುತ್ತಿತ್ತು, ಕಾಲು ಭಾಗದಷ್ಟು ಕಡಿಮೆ. ಬಟ್ಟೆ ಮಾತ್ರ ಆರರಲ್ಲಿ ಅದೇ ಚೆನ್ನ.

ಮೂರನೇ ಯಂತ್ರದ ಮಾಸ್ತರರು ರಬಕವಿಯವರು. ಇದು ನನಗೆ ಗೊತ್ತಾದದ್ದು ನಾನು ಫೋನಿನಲ್ಲಿ ಅಮ್ಮನ ಜತೆ ಜಗಳವಾಡುತ್ತಿದ್ದಾಗ. ಹಿಂದಿನಿಂದ ಯಾರೋ, ತಾಯಿಗೆ ಹಂಗ ಅನಬಾರದು ತಂಗಿ, ಎಂದರು. ತಿರುಗಿ ನೋಡಿದರೆ ಐವತ್ತೈದು ದಾಟಿದ ತೆಳ್ಳನೆಯ ಮನುಷ್ಯ, ಉಗುರುಗಳೆಲ್ಲ ನೀಲಿ. ಊರಲ್ಲಿ ನೂಲಿಗೆ ಬಣ್ಣ ಹಾಕುವ ಮನೆತನ, ಆಮೇಲೆ ಸೊಲ್ಲಾಪುರ, ಆಮೇಲೆ ಸೂರತ್. ಅವತ್ತಿನಿಂದ ನನಗೆ ಅವರು ಕಾಕಾ. ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿ ಮುರಿದು ಅರ್ಧ ನನಗೆ ಕೊಡುತ್ತಿದ್ದರು, ಹಾಸ್ಟೆಲಿನಲ್ಲಿ ಏನು ತಿನ್ನುತ್ತೀರೋ ಎಂದು ಮರುಗುತ್ತಿದ್ದರು.

ಉಪ್ಪಿನ ವಿಚಾರ ಕೇಳಿದ ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡರು. ಒಂದು ವಾರ ಬಿಟ್ಟು, ನಾನು ಕಂಪನಿಯವಳಲ್ಲ ಎಂದು ಖಾತ್ರಿಯಾದ ಮೇಲೆ, ಹತ್ತಿರ ಕರೆದು ತೋರಿಸಿದರು. ಕಾರ್ಡಿನ ಪ್ರಕಾರ ಉಪ್ಪನ್ನು ಎರಡು ಪಾಲು ಮಾಡಿ ಶುರುವಿನಲ್ಲೇ ಸುರಿಯಬೇಕು. ಅವರು ಬಟ್ಟೆ ಒಳಗಿನ ತನಕ ಬೆಚ್ಚಗಾಗುವವರೆಗೆ ಕಾಯುತ್ತಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕುತ್ತ, ಬಟ್ಟೆಯ ಅಂಚಿನಿಂದ ತೊಟ್ಟಿಕ್ಕುವ ನೀರನ್ನು ಅಂಗೈಗೆ ಹಿಡಿದು ನೋಡುತ್ತಿದ್ದರು. ನೀರಿನ ಬಣ್ಣ ಇಷ್ಟು ತೆಳುವಾಯಿತು ಎಂದರೆ ಸಾಕು, ಉಳಿದ ಉಪ್ಪು ಡ್ರಮ್ಮಿನಲ್ಲೇ ಉಳಿಯುತ್ತಿತ್ತು. ಉಪ್ಪು ಜಾಸ್ತಿ ಬಿದ್ದರೆ ಬಟ್ಟೆ ತೊಳೆಯಲು ನೀರು ಜಾಸ್ತಿ ಬೇಕು, ಸುಮ್ಮನೆ ಯಾಕೆ ಎಂಬುದು ಅವರ ಲೆಕ್ಕ. ಹಾಗಾದರೆ ಕಾರ್ಡಿನಲ್ಲಿ ಏನು ಬರೆಯುತ್ತೀರಿ ಎಂದೆ. ಅಲ್ಲಿ ಬರೆಯಲು ಜಾಗವೆಲ್ಲಿದೆ, ಸರಿ ಗುರುತು ಹಾಕುತ್ತೇನೆ ಎಂದರು.

ನನ್ನ ಎರಡು ವರ್ಷದ ಗಂಟು ಆ ಅಂಗೈಯಲ್ಲಿ ಬಿಚ್ಚಿಕೊಂಡಿತು. ನಾಲ್ಕು ತಿಂಗಳು ಅವರ ಪಕ್ಕ ನಿಂತು ಗಡಿಯಾರ, ಥರ್ಮಾಮೀಟರು ಹಿಡಿದು ಬರೆದುಕೊಂಡೆ. ಅವರ ಅಂಗೈ ನೋಡುತ್ತಿದ್ದುದನ್ನು ನಿಮಿಷಗಳಿಗೂ ಡಿಗ್ರಿಗಳಿಗೂ ಇಳಿಸಿದೆ. ಒಂದು ದಿನ ಅವರು, ತಮ್ಮ ಹೆಸರು ನನ್ನ ಪುಸ್ತಕದಲ್ಲಿ ಬರುತ್ತದೆಯೇ ಎಂದು ನಾಚಿಕೊಂಡು ಕೇಳಿದರು. ಇಷ್ಟು ವರ್ಷ ಬಣ್ಣ ಹಾಕಿದ ಬಟ್ಟೆಯ ಅಂಚಿಗೆಲ್ಲ ಮಿಲ್ಲಿನ ಮುದ್ರೆ ಬಿದ್ದಿದೆ, ತಮ್ಮದು ಎಲ್ಲೂ ಬಿದ್ದಿಲ್ಲ ಎಂದರು. ಅಷ್ಟೇ ಅಲ್ಲ. ಘಟಕದಲ್ಲಿ ಉಪ್ಪು ಹಾಕುವ ಸ್ವಯಂಚಾಲಿತ ಟ್ಯಾಂಕುಗಳು ಬರುವ ಮಾತಿತ್ತು, ಹಳೆಯ ಮಾಸ್ತರರು ಬೇಕೋ ಬೇಡವೋ ಎಂಬ ಮಾತೂ ಇತ್ತು. ಅಚ್ಚಾದ ಪುಸ್ತಕದಲ್ಲಿ ಹೆಸರಿದ್ದರೆ ತಮ್ಮನ್ನು ಯಂತ್ರದಿಂದ ಎಬ್ಬಿಸಲಾರರು ಎಂದು ಅವರು ನಂಬಿದ್ದರು. ಖಂಡಿತ ಬರುತ್ತದೆ ಕಾಕಾ, ಎಂದೆ. ಆಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಘಟಕಕ್ಕೆ ಕೊಡುವ ತಿಂಗಳ ವರದಿಯನ್ನು ಅವರೇ ಕೊಟ್ಟ ಕೋಷ್ಟಕದಲ್ಲಿ ತುಂಬಬೇಕಿತ್ತು. ಅದರ ಕೊನೆಯ ಕಾಲಮ್ಮಿಗೆ ‘ನಿಗದಿತ ವಿಧಾನದಿಂದ ವ್ಯತ್ಯಾಸ’ ಎಂಬ ಹೆಸರು. ಮೆಚ್ಚುಗೆಗೆ ಎಂದು ಕಾಲಂ ಇರಲಿಲ್ಲ, ‘ಇತರೆ’ ಎಂದೂ ಇರಲಿಲ್ಲ. ಮೂರನೇ ಯಂತ್ರದ ಎದುರು, ಆ ಕೊನೆಯ ಕಾಲಮ್ಮಿನಲ್ಲಿ, ಉಪ್ಪು ಕಾಲು ಭಾಗ ಕಡಿಮೆ ಎಂದು ಬರೆದೆ. ಒಳ್ಳೆಯ ಸುದ್ದಿಯನ್ನೇ ಬರೆದೆ ಎಂದುಕೊಂಡೆ. ಹೊಸದಾಗಿ ಬಂದಿದ್ದ ಮ್ಯಾನೇಜರ್ ಅದನ್ನು ಕಾಲಮ್ಮಿನ ತಲೆಬರಹದ ಜತೆ ಸೇರಿಸಿ ಓದಿದರು. ಓದುವ ರೀತಿಯೇ ಅದು, ನಾನಾಗಿದ್ದರೂ ಹಾಗೇ ಓದುತ್ತಿದ್ದೆ. ಮರುವಾರ ಕಾಕಾರ ಕೈಗೆ ಮೆಮೋ ಬಂತು: ನಿಗದಿತ ವಿಧಾನ ಮೀರಿದ್ದಕ್ಕೆ ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಿ.

ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಅವರು ಅದನ್ನು ಮಡಿಕೆ ಬಿಚ್ಚಿ ನನ್ನ ಮುಂದಿಟ್ಟರು. ಇಂಗ್ಲಿಷಿನಲ್ಲಿತ್ತು. ಓದಿ ಅರ್ಥ ಹೇಳಿದೆ. ಅವರು "ಹಂಗಾದ್ರ ತಂಗಿ, ನಾ ಏನ ಹೇಳ್ತೀನಿ ಅಂದ್ರ..." ಎಂದು ಶುರು ಮಾಡಿದರು.

"ನೀವೇನೂ ಹೇಳಬ್ಯಾಡ್ರಿ ಕಾಕಾ" ಎಂದೆ. "ಇಂಥಾದ್ದಕ್ಕ ಬರಿಯೂ ರೀತಿ ಒಂದ ಇರ್ತದ. ಮೂರ ಸಾಲಿನಾಗ ಮುಗಸ್ತೀನಿ."

ಇಂಗ್ಲಿಷಿನಲ್ಲಿ ಬರೆಯಲು ಹತ್ತು ನಿಮಿಷ ಹಿಡಿಯಿತು. ಮೇಲೆ ಅವರ ಹೆಸರು ಮತ್ತು ಹುದ್ದೆ, ಮೆಮೋ ತಲುಪಿದೆ, ವಿಧಾನ ಮೀರಿದ್ದಕ್ಕೆ ವಿಷಾದಿಸುತ್ತೇನೆ, ಮರುಕಳಿಸುವುದಿಲ್ಲ, ಕೆಳಗೆ ಮತ್ತೆ ಹೆಸರು. ಎಲ್ಲಿ ರುಜು ಹಾಕಬೇಕು ಎಂದು ಬೆರಳಿಟ್ಟು ತೋರಿಸಿದೆ. ಅವರು ಕನ್ನಡದಲ್ಲಿ ನಿಧಾನವಾಗಿ ರುಜು ಹಾಕಿದರು. ಇಷ್ಟಕ್ಕೇ ಎಲ್ಲ ಮುಗಿಯಿತೇ ಎಂದು ಕೇಳಿದರು. ಮುಗಿಯಿತು ಎಂದೆ. ಅವರ ಚಹಾದ ದುಡ್ಡನ್ನೂ ನಾನೇ ಕೊಟ್ಟು, ಏನೋ ಉಪಕಾರ ಮಾಡಿದವಳ ಹಾಗೆ ರೈಲು ಹತ್ತಿದೆ.

ಆಮೇಲೆ ಏಳೆಂಟು ತಿಂಗಳು ವಡೋದರಾದಲ್ಲೇ ಕೂತು ಪ್ರಬಂಧ ಬರೆದೆ. ಐದನೇ ಅಧ್ಯಾಯವೇ ಅದರ ಜೀವ. ‘ಉಪ್ಪಿನ ಹಂತಹಂತದ ಸೇರ್ಪಡೆಯಿಂದ ಕಾಲು ಭಾಗ ಉಳಿತಾಯ ಸಾಧ್ಯವೆಂದು ಕಂಡುಬಂದಿದೆ.’ ಯಾರಿಗೆ ಕಂಡುಬಂತು ಎಂದು ಬರೆಯುವ ಮನಸ್ಸಿತ್ತು. ಗೈಡ್‌ರನ್ನು ಕೇಳಿದೆ. ಅವರು ಒಳ್ಳೆಯವರು, ಬೇಸರಿಸದೆ ವಿವರಿಸಿದರು. ಆಧಾರ ಎಂದರೆ ಓದುವವನು ತೆಗೆದು ನೋಡಬಹುದಾದದ್ದು, ಒಬ್ಬ ಮನುಷ್ಯನನ್ನು ಗ್ರಂಥಾಲಯದಿಂದ ತರಿಸಿಕೊಳ್ಳಲಾಗುವುದಿಲ್ಲ. ಯಾರು ಹೇಳಿದರು ಎಂಬುದರ ಮೇಲೆ ವಿಜ್ಞಾನ ನಿಲ್ಲುವುದಿಲ್ಲ, ಬೇರೆ ಯಾರು ಮಾಡಿದರೂ ಹಾಗೇ ಬರುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಮಾತು ಸುಳ್ಳಲ್ಲ. ಈಗ ಅಹಮದಾಬಾದಿನಲ್ಲಿ ನಾನೇ ವಿದ್ಯಾರ್ಥಿಗಳಿಗೆ ವರದಿ ಬರೆಯುವುದನ್ನು ಕಲಿಸುತ್ತೇನೆ, ಇದನ್ನೇ ಹೇಳುತ್ತೇನೆ. ಆದರೆ ಗೈಡ್ ಇನ್ನೊಂದು ಮಾತನ್ನೂ ಸೇರಿಸಿದ್ದರು: ಕೃತಜ್ಞತೆಯ ಪುಟಕ್ಕೆ ಯಾವ ನಿಯಮವೂ ಇಲ್ಲ, ಅಲ್ಲಿ ಬೇಕಾದ್ದು ಬರೆದುಕೋ.

ಬರೆಯಬಹುದಿತ್ತು. ಹಿರಿಯ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಪಕ್ಕಕ್ಕಿಟ್ಟುಕೊಂಡು ಅವಳ ಕೃತಜ್ಞತೆಯನ್ನೇ ಮಕ್ಕೀಕಾಮಕ್ಕಿ ಇಳಿಸಿಕೊಂಡೆ. ಮೊದಲು ಗೈಡ್, ಆಮೇಲೆ ವಿಭಾಗದ ಮುಖ್ಯಸ್ಥರು, ಲ್ಯಾಬಿನವರು, ಗೆಳೆಯರು, ತಂದೆತಾಯಿ, ದೇವರು. ಎಲ್ಲರ ಹೆಸರಿನ ಹಿಂದೆಮುಂದೆ ಡಾಕ್ಟರು, ಪ್ರೊಫೆಸರು. ಆ ಸಾಲಿನಲ್ಲಿ ಕಾಕಾರ ಹೆಸರು ಒಮ್ಮೆ ಬರೆದೂ ನೋಡಿದೆ. ಮದುವೆ ಪಂಕ್ತಿಯಲ್ಲಿ ಅಂಗಿ ಇಲ್ಲದೆ ಕೂತಂತೆ ಕಂಡಿತು. ಅಳಿಸಿ, ‘ದಕ್ಷಿಣ ಗುಜರಾತಿನ ಒಂದು ಘಟಕದ ಆಡಳಿತ ಹಾಗೂ ಸಿಬ್ಬಂದಿ’ ಎಂದು ಹಾಕಿದೆ. ಘಟಕದ ಷರತ್ತು ಹಾಗಿತ್ತು ಎಂದು ಸಮಾಧಾನ ಮಾಡಿಕೊಂಡೆ. ಷರತ್ತು ಇದ್ದದ್ದು ಘಟಕದ ಹೆಸರಿಗೆ, ಮನುಷ್ಯನ ಹೆಸರಿಗಲ್ಲ. ನನಗೆ ಅದು ಗೊತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಅದು ಹಾಗೆಯೇ.

ಪದವಿ ಬಂದ ಮೇಲೆ ಪ್ರಬಂಧದ ಒಂದು ಪ್ರತಿ ಹಿಡಿದು ಸಚಿನ್‌ಗೆ ಹೋದೆ. ಮೂರನೇ ಯಂತ್ರದ ಪಕ್ಕದಲ್ಲಿ ಸ್ಟೀಲಿನ ಟ್ಯಾಂಕು, ಅದರಿಂದ ಒಂದು ಪೈಪು. ಅಲ್ಲಿ ನಿಂತಿದ್ದ ಹುಡುಗಿ ಗುಂಡಿ ಒತ್ತುತ್ತಿದ್ದಳು. ಕಾಕಾ ಸಿಕ್ಕಿದ್ದು ಬಟ್ಟೆ ತಪಾಸಣೆಯ ಕೋಣೆಯಲ್ಲಿ. ಓರೆ ಗಾಜಿನ ಮೇಜಿನ ಮೇಲೆ ಹರಿದುಬರುವ ಬಟ್ಟೆಯಲ್ಲಿ ಕಲೆ, ತೂತು ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಉಗುರುಗಳು ಬೆಳ್ಳಗಾಗಿದ್ದವು. ನಾನು ಬಂದ ಸಂತೋಷಕ್ಕೆ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಬಂಗಾರದ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ನಾ ಯಾವ ಪುಟದಾಗ ಅದೀನ್ರಿ ತಂಗಿ?"

ಐದನೇ ಅಧ್ಯಾಯ ತೆಗೆದುಕೊಟ್ಟೆ. ಇದೆಲ್ಲ ನಿಮ್ಮದೇ ಎಂದೆ. ಸಂಬಳದ ಚೀಟಿ ನೋಡಿ ನೋಡಿ ಅವರಿಗೆ ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳು ಗೊತ್ತಿದ್ದವು. ಸಾಲಿನ ಕೆಳಗೆ ಬೆರಳಿಟ್ಟು ಒಂದು ಪುಟ ಮುಗಿಸಿದರು, ಇನ್ನೊಂದು ಪುಟ ಮುಗಿಸಿದರು. ನನಗೆ ತಡೆಯಲಾಗಲಿಲ್ಲ. ಕೃತಜ್ಞತೆಯ ಪುಟಕ್ಕೆ ತಿರುಗಿಸಿ, ಸಿಬ್ಬಂದಿ ಎಂದರೆ ನೀವೆಲ್ಲ, ಹೆಸರು ಹಾಕುವ ಪದ್ಧತಿ ಇಲ್ಲ ಎಂದೇನೋ ತೊದಲಿದೆ. ಅವರು ಪುಸ್ತಕ ಮುಚ್ಚಿದರು.

"ಆ ಕಾಗದದಾಗ ಎರಡ ಸಲ ಬರದಿದ್ರಿ ನನ್ನ ಹೆಸರ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಯಾವ ಕಾಗದ ಎಂದು ಕೇಳುವ ಅಗತ್ಯವಿರಲಿಲ್ಲ. ಆ ಮೂರು ಸಾಲನ್ನು ಮ್ಯಾನೇಜರ್ ಎಲ್ಲ ಮಾಸ್ತರರ ಮುಂದೆ ಓದಿಸಿದ್ದರಂತೆ. ನೋಡಿ, ತಪ್ಪು ಎಂದು ಇವರೇ ಬರೆದುಕೊಟ್ಟಿದ್ದಾರೆ ಎಂದೂ ಹೇಳಿದರಂತೆ. ಎರಡು ವಾರದಲ್ಲಿ ಅವರನ್ನು ಯಂತ್ರದಿಂದ ತೆಗೆದು ಇಲ್ಲಿ ಕೂರಿಸಿದ್ದರು. ಅಂದರೆ ಒಂದೇ ಉಪ್ಪು, ಒಂದೇ ಅಂಗೈ. ನನ್ನ ಪುಸ್ತಕದಲ್ಲಿ ಅದು ಶೋಧನೆ, ಅಲ್ಲಿ ಅವರ ಹೆಸರಿಲ್ಲ. ಕಂಪನಿಯ ಫೈಲಿನಲ್ಲಿ ಅದು ಅಪರಾಧ, ಅಲ್ಲಿ ಅವರ ಹೆಸರು ಎರಡು ಸಲ. ಎರಡನ್ನೂ ಬರೆದವಳು ನಾನು. ಎರಡನ್ನೂ ಪದ್ಧತಿಯಂತೆ, ಒಂದಕ್ಷರ ಆಚೀಚೆ ಆಗದಂತೆ ಬರೆದಿದ್ದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರಲ್ಲ, ನಾನು ಆಳ ನೋಡಿಕೊಂಡು ಡಾಕ್ಟರೇಟ್ ಕೂಡ ತೆಗೆದುಕೊಂಡಿದ್ದೆ.

ವಾಪಸ್ ಬಂದವಳೇ ಘಟಕದ ಆಡಳಿತಕ್ಕೆ ಪತ್ರ ಬರೆಯಲು ಕೂತೆ. ಇಂಥ ಪತ್ರಕ್ಕೆ ಎಲ್ಲೂ ಮಾದರಿ ಸಿಗಲಿಲ್ಲ. ಮೊದಲ ಸಲ ಬರೆದದ್ದು ಮನವಿಯಾಯಿತು, ಎರಡನೇ ಸಲ ವರದಿಯಾಯಿತು. ಮೂರನೇ ದಿನ ಎಲ್ಲ ಹರಿದುಹಾಕಿ ‘ನಾನು’ ಎಂದು ಶುರು ಮಾಡಿದೆ. ನಾನು ಆ ಉತ್ತರ ಬರೆದೆ. ಅವರಿಗೆ ಓದಿ ಹೇಳದೆ ರುಜು ಹಾಕಿಸಿದೆ. ಅವರು ತಪ್ಪು ಮಾಡಿಲ್ಲ, ಅವರು ಕಲಿಸಿದ್ದಕ್ಕೇ ನನಗೆ ಪದವಿ ಬಂದಿದೆ. ಅವರನ್ನು ಮತ್ತೆ ಮೂರನೇ ಯಂತ್ರಕ್ಕೆ ಕಳಿಸಿ. ಅವರ ಹೆಸರನ್ನು ನಾಲ್ಕು ಸಲ ಬರೆದೆ. ಐದನೇ ಅಧ್ಯಾಯದ ಪ್ರತಿಯನ್ನೂ ಲಗತ್ತಿಸಿದೆ.

ಹದಿನೈದು ದಿನಕ್ಕೆ ಉತ್ತರ ಬಂತು. ಎರಡೇ ಸಾಲು. ನಿಮ್ಮ ಆಸಕ್ತಿಗೆ ಧನ್ಯವಾದ. ಸದರಿ ವಿಷಯವು ನೌಕರರ ಸ್ವಂತ ಉತ್ತರದ ಆಧಾರದ ಮೇಲೆ ಈಗಾಗಲೇ ಮುಕ್ತಾಯಗೊಂಡಿದೆ. ಒಳ್ಳೆಯ ಡ್ರಾಫ್ಟು, ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ.

ಅದನ್ನು ಮುಚ್ಚಿಡಬಾರದು ಎನಿಸಿತು. ಮುಂದಿನ ಶನಿವಾರ ಸಚಿನ್‌ಗೆ ಹೋಗಿ, ಪಾಳಿ ಶುರುವಾಗುವ ಮೊದಲು ಗೇಟಿನ ಹೊರಗೆ ಕಾಕಾರನ್ನು ಹಿಡಿದೆ. ನಾನು ಬರೆದ ಪತ್ರವನ್ನು ಕನ್ನಡದಲ್ಲಿ ಹೇಳಿದೆ, ಬಂದ ಎರಡು ಸಾಲನ್ನೂ ಹೇಳಿದೆ. ‘ಸ್ವಂತ ಉತ್ತರ’ ಎಂಬಲ್ಲಿ ಅವರು ನನ್ನನ್ನು ತಡೆದು ಇನ್ನೊಮ್ಮೆ ಹೇಳಿಸಿಕೊಂಡರು.

"ನನ್ನ ಉತ್ತರ ಏನಂತ ಯಾರೂ ಕೇಳಲೇ ಇಲ್ಲಲ್ಲ ತಂಗಿ" ಎಂದರು. "ನೀವೂ ಕೇಳಲಿಲ್ಲ."

ಈಗ ಕೇಳುತ್ತೇನೆ ಕಾಕಾ, ಅವತ್ತು ಏನು ಹೇಳಬೇಕೆಂದಿದ್ದಿರಿ ಎಂದೆ.

"ನಾ ತಪ್ಪ ಮಾಡಿಲ್ಲ ಅಂತ" ಎಂದರು. "ಅಷ್ಟ."

ಪಾಳಿಯ ಗಂಟೆ ಬಾರಿಸಿತು. ಅವರು ಡಬ್ಬಿ ಎತ್ತಿಕೊಂಡು ಒಳಗೆ ಹೋದರು.